ಪ್ರಿಂಟರ್ ಕೈಕೊಟ್ಟಾಗ: ಮನೆಯ ಇಂಕ್‌ಜೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಕ್‌ಜೆಟ್ ಪ್ರಿಂಟರ್ ಕೈಕೊಡುವುದಕ್ಕೂ ಒಂದು ಮುಹೂರ್ತ ಇದೆ. ಬೆಳಿಗ್ಗೆ ಕೊಡಬೇಕಾದ ಅರ್ಜಿಯನ್ನು ಹಿಂದಿನ ರಾತ್ರಿ ಪ್ರಿಂಟ್ ಕೊಡುತ್ತೀರಲ್ಲ, ಸರಿಯಾಗಿ ಆಗಲೇ. ಆ ಗಡಿಬಿಡಿಯಲ್ಲಿ ಎಲ್ಲರೂ ಮಾಡುವುದು ಎರಡೇ ಕೆಲಸ. ಒಂದು, ಪ್ರಿಂಟ್ ಬಟನ್ನನ್ನು ಇನ್ನೂ ನಾಲ್ಕು ಸಲ ಒತ್ತುವುದು. ಇನ್ನೊಂದು, ಹೆಡ್ ಕ್ಲೀನಿಂಗ್, ಅಂದರೆ ಇಂಕ್ ಉಗುಳುವ ಹೆಡ್ಡನ್ನು ಪ್ರಿಂಟರ್ ತಾನೇ ಶುಚಿ ಮಾಡಿಕೊಳ್ಳುವ ಕೆಲಸ, ಅದನ್ನು ಮೇಲಿಂದ ಮೇಲೆ ಓಡಿಸುವುದು. ಮೊದಲನೆಯದರಿಂದ ಕ್ಯೂ ಕಟ್ಟಿಕೊಳ್ಳುತ್ತದೆ, ಎರಡನೆಯದರಿಂದ ಇಂಕ್ ಖಾಲಿಯಾಗುತ್ತದೆ. ಸ್ವಲ್ಪ ತಡೆದು, ತೊಂದರೆ ಎಲ್ಲಿದೆ ಅಂತ ಮೊದಲು ಹುಡುಕಿ. ಹುಡುಕುವುದು ಐದು ನಿಮಿಷದ ಕೆಲಸ.

ಪ್ರಿಂಟ್ ಕೊಟ್ಟರೆ ಏನೂ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಕಂಪ್ಯೂಟರ್ ಬಿಟ್ಟು ಪ್ರಿಂಟರ್ ಹತ್ತಿರ ಹೋಗಿ. ಸ್ಕ್ಯಾನರ್ ಇರುವ ಮಾದರಿಯಾದರೆ ಗಾಜಿನ ಮೇಲೆ ಅಕ್ಷರ ಇರುವ ಯಾವುದಾದರೂ ಹಾಳೆ ಇಟ್ಟು ಕಾಪಿ ಬಟನ್ ಒತ್ತಿ. ಸ್ಕ್ಯಾನರ್ ಇಲ್ಲದಿದ್ದರೆ ಪ್ರಿಂಟರಿನದೇ ಟೆಸ್ಟ್ ಪೇಜ್ ತೆಗೆಯಿರಿ. ಅದಕ್ಕೆ ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿ ಇರುತ್ತದೆ.

ಕಾಪಿ ಚೆನ್ನಾಗಿ ಬಂತಾ? ಹಾಗಾದರೆ ಇಂಕು, ಹೆಡ್ಡು, ರೋಲರು ಎಲ್ಲಾ ಸರಿ ಇದೆ, ತೊಂದರೆ ಕಂಪ್ಯೂಟರಿನಲ್ಲೋ ವೈಫೈಯಲ್ಲೋ ಇದೆ. ಹಾಳೆ ಹೊರಗೆ ಬಂತು ಆದರೆ ಖಾಲಿ, ಅಥವಾ ಗೆರೆ ಗೆರೆ? ಇಂಕ್ ಕಡೆ ನೋಡಬೇಕು. ಹಾಳೆ ಒಳಗೇ ಹೋಗಲಿಲ್ಲವೇ? ರೋಲರ್ ಕಡೆ. ಏನೂ ಮಾಡದೆ ಸುಮ್ನೆ ದೀಪ ಮಿನುಗಿಸುತ್ತಾ ಕೂತಿದೆಯೇ? ಆ ಮಿನುಗು ಎಷ್ಟು ಸಲ ಅಂತ ಎಣಿಸಿ, ಯಾವ ಬಣ್ಣ ಅಂತ ನೋಡಿ, ಕೈಪಿಡಿಯ ಪಟ್ಟಿಯಲ್ಲಿ ಹುಡುಕಿ. ಮಿನುಗುವ ದೀಪ ಅಂದರೆ ಅದು ಮಾತಾಡುತ್ತಿದೆ ಅಂತ, ನಾವು ಕೇಳಿಸಿಕೊಳ್ಳುವುದಿಲ್ಲ ಅಷ್ಟೇ.

ಇನ್ನೊಂದು ಸಣ್ಣ ವಿಷಯ. ಪ್ರಿಂಟರನ್ನು ಅದರ ಬಟನ್‌ನಿಂದ ಆಫ್ ಮಾಡಿ, ಪ್ಲಗ್ ತೆಗೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಿ. ಎಲ್ಲರೂ ಹೇಳುವ ಮಾತೇ, ಗೊತ್ತು. ಆದರೆ ಕೆಲಸ ಮಾಡುವುದರಿಂದಲೇ ಎಲ್ಲರೂ ಹೇಳುವುದು.

ಕಾಪಿ ಬರುತ್ತದೆ, ಕಂಪ್ಯೂಟರಿನಿಂದ ಮಾತ್ರ ಬರುವುದಿಲ್ಲ. ಯಾಕೆ?

ಮೊದಲು ನೋಡಬೇಕಾದದ್ದು, ನೀವು ಕೊಟ್ಟ ಪ್ರಿಂಟ್ ಹೋಗುತ್ತಿರುವುದು ಯಾವ ಪ್ರಿಂಟರಿಗೆ? ಪ್ರಿಂಟರ್‌ಗಳ ಪಟ್ಟಿ ತೆರೆದರೆ ಒಂದೇ ಹೆಸರು ಎರಡು ಸಲ ಇರಬಹುದು, ಎರಡನೆಯದರ ಕೊನೆಗೆ ‘ಕಾಪಿ 1’ ಅಂತ ಬಾಲ ಇರುತ್ತದೆ. ಯುಎಸ್‌ಬಿ ಕೇಬಲ್ಲನ್ನು ಬೇರೆ ಪೋರ್ಟಿಗೆ ಚುಚ್ಚಿದಾಗ ಅಥವಾ ಮತ್ತೆ ಇನ್‌ಸ್ಟಾಲ್ ಮಾಡಿದಾಗ ಹೀಗೆ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಒಂದು ಮಾತ್ರ ಜೀವಂತ. ಸತ್ತಿದ್ದನ್ನು ಪಟ್ಟಿಯಿಂದ ತೆಗೆದುಹಾಕಿ.

ವಿಂಡೋಸ್‌ನಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಅಂತ ಒಂದು ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ನೀವು ಕೊನೆಯ ಸಲ ಬಳಸಿದ ಪ್ರಿಂಟರೇ ಡೀಫಾಲ್ಟ್ ಆಗುತ್ತದೆ. ನಿನ್ನೆ ಒಂದು ಫೈಲನ್ನು ಪಿಡಿಎಫ್ ಮಾಡಿಕೊಂಡಿದ್ದರೆ ಇವತ್ತಿನ ಪ್ರಿಂಟೂ ಪಿಡಿಎಫ್ ಆಗಿ ಸೇವ್ ಆಗಲು ಹೊರಡುತ್ತದೆ. ನಾನಂತೂ ಇದನ್ನು ಆಫ್ ಮಾಡಿಯೇ ಇಡುತ್ತೇನೆ.

ಆಮೇಲೆ ಪೇಪರ್ ಅಳತೆ. ಫೈಲ್‌ನಲ್ಲಿ ‘ಲೆಟರ್’ ಇದ್ದು ಪ್ರಿಂಟರಿಗೆ ‘ಎ4’ ಅಂತ ಹೇಳಿಟ್ಟಿದ್ದರೆ, ಕೆಲವು ಯಂತ್ರಗಳು ಒಂದಕ್ಷರ ಮಾತಾಡದೆ ದೀಪ ಮಿನುಗಿಸುತ್ತಾ ನಿಮ್ಮ ಒಪ್ಪಿಗೆಗೆ ಕಾಯುತ್ತವೆ. ಎರಡೂ ಕಡೆ ಒಂದೇ ಅಳತೆ ಇಡಿ. ಒಂದು ಪಿಡಿಎಫ್ ಮಾತ್ರ ಬರದೆ ಬೇರೆಲ್ಲಾ ಬಂದರೆ, ಪಿಡಿಎಫ್ ತೆರೆಯುವ ಅಕ್ರೋಬ್ಯಾಟ್‌ನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒಳಗೆ ‘ಪ್ರಿಂಟ್ ಆ್ಯಸ್ ಇಮೇಜ್’ ಟಿಕ್ ಮಾಡಿ ನೋಡಿ. ಫಾಂಟಿನ ತಕರಾರು ಇದ್ದರೆ ಅಲ್ಲಿಗೆ ಮುಗಿಯುತ್ತದೆ.

ಕ್ಯೂನಲ್ಲಿ ಸಿಕ್ಕಿಕೊಂಡಿದೆ. ಡಿಲೀಟ್ ಕೊಟ್ಟರೆ ‘ಡಿಲೀಟಿಂಗ್’ ಅಂತ ತೋರಿಸುತ್ತಲೇ ಇರುತ್ತದೆ, ಹೋಗುವುದೇ ಇಲ್ಲ.

ಇದು ಸ್ಪೂಲರ್, ಅಂದರೆ ಪ್ರಿಂಟ್‌ಗಳನ್ನು ಸರದಿಯಲ್ಲಿ ಕಳಿಸುವ ಪ್ರೋಗ್ರಾಂ, ಮಾಡುವ ಕಿತಾಪತಿ. ನೀವು ಕಳಿಸಿದ ಪ್ರಿಂಟ್ ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ, ಮೊದಲು ಡಿಸ್ಕಿನ ಒಂದು ಫೋಲ್ಡರಿನಲ್ಲಿ ಫೈಲಾಗಿ ಕೂರುತ್ತದೆ, ಅಲ್ಲಿಂದ ಸರದಿ ಪ್ರಕಾರ ಹೋಗುತ್ತದೆ. ಮುಂದೆ ನಿಂತ ಫೈಲ್ ಕೆಟ್ಟಿದ್ದರೆ ಹಿಂದಿನವು ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ಬಾಕಿ.

ವಿಂಡೋಸ್‌ನಲ್ಲಿ ಹೀಗೆ ಮಾಡಿ. ಪ್ರಿಂಟರ್ ಆಫ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಅಂತ ಹುಡುಕಿ ತೆರೆದು, ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಹುಡುಕಿ, ಬಲ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ಈಗ ಸಿ ಡ್ರೈವ್, ಅದರೊಳಗೆ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಈ ಕೊನೆಯ ಫೋಲ್ಡರಿನ ಒಳಗಿರುವ ಫೈಲ್‌ಗಳನ್ನು ಅಳಿಸಿ. ಫೋಲ್ಡರನ್ನೇ ಅಳಿಸಬೇಡಿ, ಪಕ್ಕದ ಫೋಲ್ಡರ್‌ಗಳನ್ನು ಮುಟ್ಟಬೇಡಿ. ಮತ್ತೆ ಸರ್ವಿಸಸ್‌ಗೆ ಬಂದು ಸ್ಪೂಲರ್ ಸ್ಟಾರ್ಟ್ ಮಾಡಿ, ಪ್ರಿಂಟರ್ ಆನ್ ಮಾಡಿ, ಒಂದೇ ಒಂದು ಹಾಳೆ ಕಳಿಸಿ ನೋಡಿ.

ಮ್ಯಾಕ್‌ನಲ್ಲಿ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ ಪಟ್ಟಿಯ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ‘ರಿಸೆಟ್ ಪ್ರಿಂಟಿಂಗ್ ಸಿಸ್ಟಮ್’ ಸಿಗುತ್ತದೆ. ಅದು ಪಟ್ಟಿಯಲ್ಲಿರುವ ಎಲ್ಲಾ ಪ್ರಿಂಟರ್‌ಗಳನ್ನೂ ಗುಡಿಸಿಹಾಕುತ್ತದೆ, ಮತ್ತೆ ಸೇರಿಸಿಕೊಳ್ಳಬೇಕು.

ಪ್ರಿಂಟರ್ ವೈಫೈಗೆ ಸೇರಿದೆ, ನೀಲಿ ದೀಪವೂ ಉರಿಯುತ್ತಿದೆ, ಆದರೂ ಕಂಪ್ಯೂಟರ್ ‘ಆಫ್‌ಲೈನ್’ ಅನ್ನುತ್ತದಲ್ಲ?

ಇದಕ್ಕೆ ನಾಲ್ಕೈದು ಕಾರಣ ಇದೆ, ಆದರೆ ಜಾಸ್ತಿ ಸಲ ಆಗುವುದು ಇದು: ರೂಟರ್ ಮರುಪ್ರಾರಂಭ ಆದಾಗ ಪ್ರಿಂಟರಿಗೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ. ಕಂಪ್ಯೂಟರ್ ಮಾತ್ರ ಹಳೇ ವಿಳಾಸಕ್ಕೇ ಕಾಗದ ಹಾಕುತ್ತಾ ಕೂತಿರುತ್ತದೆ. ಮನೆ ಬದಲಾಯಿಸಿದವರಿಗೆ ಹಳೇ ಮನೆಯ ಬಾಗಿಲು ತಟ್ಟಿದ ಹಾಗೆ. ಪ್ರಿಂಟರಿನ ಪರದೆಯಲ್ಲೋ ಅದು ಮುದ್ರಿಸುವ ನೆಟ್‌ವರ್ಕ್ ಹಾಳೆಯಲ್ಲೋ ಈಗಿನ ವಿಳಾಸ ನೋಡಿ, ಅದನ್ನು ಬ್ರೌಸರಿನಲ್ಲಿ ಟೈಪ್ ಮಾಡಿ. ಪ್ರಿಂಟರಿನ ಪುಟ ತೆರೆದುಕೊಂಡರೆ ಸಂಪರ್ಕ ಸರಿ ಇದೆ ಅಂತ ಅರ್ಥ. ಪ್ರಿಂಟರನ್ನು ಪಟ್ಟಿಯಿಂದ ತೆಗೆದು, ಆ ವಿಳಾಸ ಕೊಟ್ಟು ಮತ್ತೆ ಸೇರಿಸಿ. ರೂಟರಿನಲ್ಲಿ ಪ್ರಿಂಟರಿಗೆ ಅಂತಲೇ ಒಂದು ವಿಳಾಸ ಕಾಯ್ದಿರಿಸಿದರೆ ಈ ಗೋಳು ಮರುಕಳಿಸುವುದಿಲ್ಲ.

ಪುಟ ತೆರೆಯಲಿಲ್ಲವೇ? ಆಗ ಎರಡೂ ಒಂದೇ ನೆಟ್‌ವರ್ಕಿನಲ್ಲಿ ಇವೆಯಾ ನೋಡಿ. ಮನೆಯ ಪ್ರಿಂಟರ್‌ಗಳಲ್ಲಿ ಅನೇಕಕ್ಕೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಗೊತ್ತು, 5 ಗೊತ್ತಿಲ್ಲ. ಕಂಪ್ಯೂಟರ್ 5ರಲ್ಲಿ ಇದ್ದರೂ ರೂಟರ್ ಒಂದೇ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಎರಡರಲ್ಲಿ ಯಾವುದಾದರೂ ಒಂದು ‘ಗೆಸ್ಟ್’ ನೆಟ್‌ವರ್ಕಿಗೆ ಸೇರಿದ್ದರೆ ಕಷ್ಟ, ಅಲ್ಲಿರುವ ಸಾಧನಗಳು ಒಂದಕ್ಕೊಂದು ಕಾಣದ ಹಾಗೆ ರೂಟರೇ ಗೋಡೆ ಹಾಕಿರುತ್ತದೆ. ಕಂಪ್ಯೂಟರಿನಲ್ಲಿ ವಿಪಿಎನ್ ಓಡುತ್ತಿದ್ದರೂ ಹೀಗೆಯೇ, ಅದನ್ನು ಒಂದು ಕ್ಷಣ ಆಫ್ ಮಾಡಿ ನೋಡಿ.

ವಿಂಡೋಸ್‌ನಲ್ಲಿ ಕ್ಯೂ ಕಿಟಕಿಯ ಮೆನುವಿನಲ್ಲಿ ‘ಯೂಸ್ ಪ್ರಿಂಟರ್ ಆಫ್‌ಲೈನ್’ಗೆ ಟಿಕ್ ಬಿದ್ದಿದ್ದರೆ ಅದನ್ನೂ ತೆಗೆಯಿರಿ. ಎಷ್ಟೋ ಸಲ ಇಷ್ಟೇ ಇರುತ್ತದೆ, ನಾವು ರೂಟರ್ ಬಿಚ್ಚಿ ಕೂತಿರುತ್ತೇವೆ.

ಫೋನಿನಿಂದ ಪ್ರಿಂಟ್ ಬರುತ್ತಿಲ್ಲ?

ಮೊಬೈಲ್ ಡೇಟಾದಲ್ಲಿ ಇದ್ದೀರಾ ನೋಡಿಕೊಳ್ಳಿ, ಪ್ರಿಂಟರ್ ಇರುವ ವೈಫೈಗೇ ಸೇರಿರಬೇಕು. ಐಫೋನ್‌ಗೆ ಏರ್‌ಪ್ರಿಂಟ್ ಸಾಕು. ಆಂಡ್ರಾಯ್ಡ್‌ನಲ್ಲಿ ಪ್ರಿಂಟಿಂಗ್ ಸೆಟ್ಟಿಂಗ್ ಒಳಗೆ ಪ್ರಿಂಟ್ ಸರ್ವಿಸ್ ಆನ್ ಇರಬೇಕು, ಆಗದಿದ್ದರೆ ಆ ಕಂಪನಿಯ ಪ್ಲಗಿನ್ ಅಥವಾ ಬೇರೆ ಬೇರೆ ಕಂಪನಿಯ ಪ್ರಿಂಟರ್‌ಗಳಿಗೆ ಆಗುವ ಮೋಪ್ರಿಯಾ ಆ್ಯಪ್ ಹಾಕಿಕೊಳ್ಳಿ.

ಹಾಳೆ ಹೊರಗೆ ಬರುತ್ತದೆ, ಆದರೆ ಪೂರ್ತಿ ಖಾಲಿ. ಇಂಕ್ ಇದೆ ಅಂತ ತೋರಿಸುತ್ತದೆ.

ಕಾರ್ಟ್ರಿಜ್ ಹೊಸದಾ? ತೆಗೆದು ನೋಡಿ. ಹೊಸ ಕಾರ್ಟ್ರಿಜ್‌ನ ನಾಝಲ್ (ಇಂಕ್ ಹೊರಬರುವ ತೂತು) ಮೇಲೋ ಗಾಳಿ ಕಿಂಡಿಯ ಮೇಲೋ ತೆಳುವಾದ ಟೇಪ್ ಇರುತ್ತದೆ, ಅದು ಪಾರದರ್ಶಕ ಆಗಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಗಾಳಿ ಒಳಗೆ ಹೋಗದಿದ್ದರೆ ಇಂಕ್ ಹೊರಗೆ ಬರುವುದಿಲ್ಲ, ಡಬ್ಬಿಗೆ ಒಂದೇ ತೂತು ಮಾಡಿ ಎಣ್ಣೆ ಸುರಿದ ಹಾಗೆ.

ಕಾರ್ಟ್ರಿಜ್ ಹಳೆಯದು, ಪ್ರಿಂಟರ್ ಮೂರು ತಿಂಗಳಿಂದ ಬಟ್ಟೆ ಹೊದ್ದು ಕೂತಿತ್ತು ಅಂದರೆ ಇಂಕ್ ಒಣಗಿದೆ. ಇಂಕ್‌ಜೆಟ್‌ಗಳು ಕೆಲಸ ಮಾಡಿ ಕೆಡುವುದಕ್ಕಿಂತ ಸುಮ್ನೆ ಕೂತು ಕೆಡುವುದೇ ಜಾಸ್ತಿ. ಹೆಡ್‌ನಲ್ಲಿ ನೂರಾರು ತೂತುಗಳಿವೆ, ಒಂದೊಂದೂ ತಲೆಕೂದಲಿಗಿಂತ ಸಣ್ಣ. ಒಂದು ಹನಿಯ ಅಳತೆ ಕೆಲವು ಪಿಕೋಲೀಟರ್ ಮಾತ್ರ, ಅಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು. ಅಂಥ ತೂತಿನ ಬಾಯಲ್ಲಿ ನೀರಿನಂಶ ಆರಿದರೆ ಸಾಕು, ಮುಚ್ಚಿಹೋಗುತ್ತದೆ. ಅನೇಕ ಪ್ರಿಂಟರ್‌ಗಳಲ್ಲಿ ಕಪ್ಪು ಪಿಗ್ಮೆಂಟ್ ಇಂಕ್, ಬಣ್ಣದ್ದು ಡೈ ಇಂಕ್. ಪಿಗ್ಮೆಂಟ್‌ನಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ, ಒಣಗಿದರೆ ಹಠ ಜಾಸ್ತಿ. ಬಣ್ಣ ಬರುತ್ತದೆ ಕಪ್ಪು ಬರುವುದಿಲ್ಲ ಅನ್ನುವ ದೂರಿಗೆ ಇದೂ ಒಂದು ಕಾರಣ.

ನಾಝಲ್ ಚೆಕ್ ಅಂದರೆ ಏನು? ಅದನ್ನು ಓದುವುದು ಹೇಗೆ?

ಪ್ರಿಂಟರ್ ತನ್ನ ಪ್ರತಿ ತೂತನ್ನೂ ಒಂದೊಂದು ಸಣ್ಣ ಗೆರೆ ಎಳೆಸಿ ಹಾಜರಿ ತೆಗೆದುಕೊಳ್ಳುವುದು. ಹಾಳೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಅಥವಾ ಬಣ್ಣದ ಪಟ್ಟಿಗಳು ಬರುತ್ತವೆ. ಗೆರೆ ಎಲ್ಲಿ ತುಂಡಾಗಿದೆಯೋ ಆ ತೂತು ಮುಚ್ಚಿದೆ. ಹಳದಿಯನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಬಿಳಿ ಹಾಳೆ ಮೇಲೆ ಸುಲಭವಾಗಿ ಕಾಣುವುದಿಲ್ಲ.

ಈ ಹಾಳೆಯನ್ನು ಎಸೆಯಬೇಡಿ. ಮೇಲೆ ಒಂದು ಅಂತ ಬರೆದಿಡಿ. ಒಂದು ಕ್ಲೀನಿಂಗ್ ಆದ ಮೇಲೆ ಇನ್ನೊಂದು ನಾಝಲ್ ಚೆಕ್ ತೆಗೆದು ಅದಕ್ಕೆ ಎರಡು ಅಂತ ಬರೆದು ಪಕ್ಕಪಕ್ಕ ಇಡಿ. ಗೆರೆಗಳು ಹೆಚ್ಚಾಗುತ್ತಿದ್ದರೆ ದಾರಿ ಸರಿ ಇದೆ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ತುಂಡಾಗುತ್ತಿದ್ದರೆ ಅದು ಒಣಗಿದ ಇಂಕ್ ಇರಲಾರದು, ಒಳಗೆ ಗಾಳಿ ಗುಳ್ಳೆ ಓಡಾಡುತ್ತಿರಬಹುದು. ಒಂದೇ ಜಾಗದಲ್ಲಿ ಕಲ್ಲಿನ ಹಾಗೆ ಕೂತಿದ್ದರೆ ಗಟ್ಟಿ ಕಟ್ಟಿದೆ. ಈ ಎರಡಕ್ಕೂ ಮದ್ದು ಬೇರೆ, ಅದಕ್ಕೇ ಹಾಳೆ ಇಟ್ಟುಕೊಳ್ಳಿ ಅಂದದ್ದು.

ಹೆಡ್ ಕ್ಲೀನಿಂಗ್ ಎಷ್ಟು ಸಲ ಮಾಡಬಹುದು?

ಮೂರು. ಒಂದೊಂದರ ನಡುವೆ ನಾಝಲ್ ಚೆಕ್. ಅಷ್ಟಾದ ಮೇಲೆ ನಿಲ್ಲಿಸಿ.

ಕ್ಲೀನಿಂಗ್ ಅಂದರೆ ಒಳಗೆ ಯಾರೋ ಒರೆಸುತ್ತಾರೆ ಅಂತ ಅಂದುಕೊಂಡಿರುತ್ತೇವೆ. ಒಂದು ರಬ್ಬರ್ ಪಟ್ಟಿ ಒರೆಸುವುದು ನಿಜ. ಆದರೆ ಮುಖ್ಯ ಕೆಲಸ ಪಂಪಿನದು, ಹೆಡ್ ಕೆಳಗಿನ ರಬ್ಬರ್ ಮುಚ್ಚಳದ ಮೂಲಕ ಒಳ್ಳೇ ಇಂಕನ್ನೇ ಹೀರಿ ತಳದ ಹೀರುಪ್ಯಾಡಿಗೆ ಸುರಿಯುತ್ತದೆ. ಅಂದರೆ ಪ್ರತಿ ಕ್ಲೀನಿಂಗ್‌ಗೂ ನೀವು ಇಂಕನ್ನು ಚರಂಡಿಗೆ ಚೆಲ್ಲುತ್ತಿದ್ದೀರಿ, ಆ ಚರಂಡಿಯೂ ತುಂಬುತ್ತಿದೆ. ಸಾಲದ್ದಕ್ಕೆ ಮೇಲಿಂದ ಮೇಲೆ ಹೀರಿದರೆ ಗಾಳಿ ಒಳಗೆ ಸೇರಿಕೊಂಡು ಮುಂಚೆ ಬರುತ್ತಿದ್ದ ಬಣ್ಣವೂ ನಿಲ್ಲಬಹುದು.

ಮೂರರ ನಂತರ ಪ್ರಿಂಟರನ್ನು ಅದರ ಬಟನ್‌ನಿಂದ ಆಫ್ ಮಾಡಿ ರಾತ್ರಿಯಿಡೀ ಬಿಟ್ಟುಬಿಡಿ. ಎಪ್ಸನ್‌ನ ಹಲವು ಟ್ಯಾಂಕ್ ಮಾದರಿಗಳ (ಕಾರ್ಟ್ರಿಜ್ ಬದಲು ಬಾಟಲಿಯಿಂದ ಇಂಕ್ ತುಂಬಿಸುವಂಥವು) ಕೈಪಿಡಿಯಲ್ಲೇ ಕನಿಷ್ಠ 12 ಗಂಟೆ ಪ್ರಿಂಟ್ ಮಾಡದೆ ಕಾಯಿರಿ ಅಂತ ಬರೆದಿದ್ದಾರೆ. ಆ ಹೊತ್ತಿನಲ್ಲಿ ಒಣಗಿದ್ದು ನೆನೆಯುತ್ತದೆ, ಗುಳ್ಳೆ ಮೇಲಕ್ಕೆ ಹೋಗುತ್ತದೆ. ಅರ್ಜಿ ನಾಳೆ ಬೆಳಿಗ್ಗೆಯೇ ಬೇಕು ಅನ್ನುವವರಿಗೆ ಈ ಉತ್ತರ ಹಿಡಿಸುವುದಿಲ್ಲ, ಆದರೆ ಇರುವುದು ಇದೇ.

ರಾತ್ರಿ ಬಿಟ್ಟೆ, ಬೆಳಿಗ್ಗೆ ಇನ್ನೊಂದು ಕ್ಲೀನಿಂಗ್ ಮಾಡಿದೆ, ಜಪ್ಪಯ್ಯ ಅನ್ನುತ್ತಿಲ್ಲ. ಮುಂದೆ?

ಈಗ ನಿಮ್ಮ ಹೆಡ್ ಎಲ್ಲಿದೆ ಅಂತ ತಿಳಿಯಬೇಕು. ಎಚ್‌ಪಿ ಮತ್ತು ಕ್ಯಾನನ್‌ನ ಅನೇಕ ಚಿಕ್ಕ ಪ್ರಿಂಟರ್‌ಗಳಲ್ಲಿ ಎರಡೇ ಕಾರ್ಟ್ರಿಜ್ ಇರುತ್ತದೆ, ಒಂದು ಕಪ್ಪು, ಒಂದರಲ್ಲಿ ಮೂರು ಬಣ್ಣ, ಮತ್ತು ಹೆಡ್ ಆ ಕಾರ್ಟ್ರಿಜ್‌ನ ತಳದಲ್ಲೇ ಇರುತ್ತದೆ. ಎಪ್ಸನ್, ಬ್ರದರ್‌ನಲ್ಲಿ ಹೆಡ್ ಪ್ರಿಂಟರ್ ಒಳಗೆ ಕೂತಿರುತ್ತದೆ, ಕಾರ್ಟ್ರಿಜ್ ಬರೀ ಡಬ್ಬಿ. ಎರಡರ ಕೆಲಸದ ರೀತಿಯೂ ಬೇರೆ. ಮೊದಲಿನವು ಇಂಕನ್ನು ಕಾಯಿಸಿ ಗುಳ್ಳೆ ಎಬ್ಬಿಸಿ ಹನಿ ಉಗುಳುತ್ತವೆ, ಎರಡನೆಯವು ವಿದ್ಯುತ್ತಿಗೆ ಬಾಗುವ ಒಂದು ಹರಳಿನಿಂದ ಹನಿಯನ್ನು ತಳ್ಳುತ್ತವೆ. ಬಿಸಿ ಸೋಲ್ಡರಿಂಗ್ ಕಡ್ಡಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಇಂಕ್ ಚಿಮ್ಮಿದ್ದನ್ನು ನೋಡಿ ಗುಳ್ಳೆಯ ಉಪಾಯ ಹೊಳೆಯಿತು ಅಂತ ಕ್ಯಾನನ್‌ನವರು ಹೇಳಿಕೊಳ್ಳುತ್ತಾರೆ. ಅದು 1970ರ ದಶಕದ ಮಾತು.

ಹೆಡ್ ಕಾರ್ಟ್ರಿಜ್‌ನಲ್ಲೇ ಇದ್ದರೆ ನೀವು ಅದೃಷ್ಟವಂತರು. ಒಂದು ಬಿಳಿ ಟಿಶ್ಯೂವನ್ನು ನಾಲ್ಕು ಮಡಿಕೆ ಮಾಡಿ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ತಟ್ಟೆಯಲ್ಲಿ ಇಡಿ. ಡಿಸ್ಟಿಲ್ಡ್ ವಾಟರ್ ಆದರೆ ಒಳ್ಳೆಯದು. ಕಾರ್ಟ್ರಿಜ್‌ನ ನಾಝಲ್ ಭಾಗವನ್ನು ಕೆಳಗೆ ಮಾಡಿ ಅದರ ಮೇಲೆ ಎರಡು ನಿಮಿಷ ಕೂರಿಸಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಟಿಶ್ಯೂ ಮೇಲೆ ಒಂದು ಕೊಳಕು ಕಂದು ಕಲೆ ಹರಡುತ್ತದೆ, ಅದು ಒಣಗಿದ್ದೆಲ್ಲಾ ಬಿಟ್ಟುಕೊಳ್ಳುತ್ತಿರುವುದು. ಎತ್ತಿ, ಬೇರೆ ಒಣ ಟಿಶ್ಯೂ ಮೇಲೆ ಮೆಲ್ಲಗೆ ಒತ್ತಿ ಎತ್ತಿ. ಉಜ್ಜಬೇಡಿ. ಮೂರು ಬಣ್ಣದ ಕಾರ್ಟ್ರಿಜ್ ಆದರೆ ಪಕ್ಕಪಕ್ಕದಲ್ಲಿ ಮೂರು ಗೀಟು ಮೂಡಬೇಕು, ನೀಲಿ, ಗುಲಾಬಿ, ಹಳದಿ. ಎರಡೇ ಮೂಡಿದರೆ ಮೂರನೆಯದು ಇನ್ನೂ ಕಟ್ಟಿದೆ ಅಥವಾ ಖಾಲಿಯಾಗಿದೆ, ಇನ್ನೊಂದು ಸಲ ಮಾಡಿ. ಮೂರೂ ಅಚ್ಚುಕಟ್ಟಾಗಿ ಮೂಡಿದ ಆ ಟಿಶ್ಯೂ ನೋಡುವಾಗ ಆಗುವ ಖುಷಿ ಇದೆಯಲ್ಲ, ಪ್ರಿಂಟ್ ಬಂದಾಗಲೂ ಅಷ್ಟು ಆಗುವುದಿಲ್ಲ. ತಾಮ್ರದ ಬಣ್ಣದ ಚುಕ್ಕೆಗಳಿರುವ ಕಡೆಗೆ ನೀರು ತಾಗಬಾರದು, ತಾಗಿದ್ದರೆ ಒರೆಸಿ ಪೂರ್ತಿ ಒಣಗಿದ ಮೇಲೆಯೇ ಒಳಗೆ ಹಾಕಿ.

ಹೆಡ್ ಒಳಗೇ ಇರುವ ಮಾದರಿಯಾದರೆ ಅಷ್ಟು ಧೈರ್ಯ ಬೇಡ. ಸಿರಿಂಜಿನಲ್ಲಿ ನೀರು ನುಗ್ಗಿಸುವ ವಿಡಿಯೋಗಳು ಬೇಕಾದಷ್ಟಿವೆ, ಒತ್ತಡ ಸ್ವಲ್ಪ ಜಾಸ್ತಿಯಾದರೆ ಹೆಡ್ ಅಲ್ಲಿಗೆ ಮುಗಿಯಿತು. ಟ್ಯಾಂಕ್ ಮಾದರಿಯಲ್ಲಿ ‘ಪವರ್ ಕ್ಲೀನಿಂಗ್’ ಅಥವಾ ‘ಡೀಪ್ ಕ್ಲೀನಿಂಗ್’ ಇದ್ದರೆ ಒಂದೇ ಒಂದು ಸಲ ಮಾಡಿ. ಮಾಡುವ ಮುಂಚೆ ಪ್ರತಿ ಟ್ಯಾಂಕ್‌ನಲ್ಲೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಂಕ್ ಇರಲಿ, ಇಲ್ಲದಿದ್ದರೆ ಅದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ರಿಪೇರಿಯವರ ಹತ್ತಿರ ಹೋಗುವುದೇ ಸರಿ.

ಕಾರ್ಟ್ರಿಜ್ ಅಲ್ಲಾಡಿಸಿದರೆ ಇಂಕ್ ಇರುವುದು ಗೊತ್ತಾಗುತ್ತದೆ, ಪ್ರಿಂಟರ್ ಮಾತ್ರ ಖಾಲಿ ಅನ್ನುತ್ತದೆ. ಯಾರನ್ನು ನಂಬಲಿ?

ಹೆಚ್ಚಿನ ಮನೆ ಪ್ರಿಂಟರ್‌ಗಳು ಇಂಕನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಎಷ್ಟು ಹನಿ ಹೋಯಿತು ಅಂತ ಎಣಿಸಿ ಉಳಿದದ್ದು ಇಷ್ಟು ಅಂತ ಅಂದಾಜು ಹೇಳುತ್ತವೆ. ಮರುಭರ್ತಿ ಮಾಡಿದ ಕಾರ್ಟ್ರಿಜ್ ಆದರೆ ಚಿಪ್‌ನಲ್ಲಿ ಹಳೇ ಲೆಕ್ಕವೇ ಇರುತ್ತದೆ. ‘ಕಡಿಮೆ ಇದೆ’ ಅನ್ನುವ ಎಚ್ಚರಿಕೆ ಬಂದರೆ ಓಕೆ ಒತ್ತಿ ಮುಂದುವರಿಯಿರಿ, ಅಕ್ಷರ ಮಸುಕಾದಾಗ ನೋಡಿಕೊಳ್ಳೋಣ. ಕ್ಯಾನನ್‌ನ ಅನೇಕ ಮಾದರಿಗಳಲ್ಲಿ ಸ್ಟಾಪ್ ಬಟನ್ನನ್ನು 5 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದರೆ ಆ ಲೆಕ್ಕವನ್ನು ಬಿಟ್ಟು ಪ್ರಿಂಟ್ ಮಾಡುತ್ತದೆ. ಆಮೇಲೆ ಇಂಕ್ ನಿಜವಾಗಿ ಖಾಲಿ ಆಗಿದ್ದರೂ ಗೊತ್ತಾಗುವುದಿಲ್ಲ, ಕಾಯಿಸಿ ಉಗುಳುವ ಹೆಡ್ ಇಂಕಿಲ್ಲದೆ ಬರೀ ಕಾಯ್ದರೆ ಸುಟ್ಟುಹೋಗಬಹುದು. ಆ ಜವಾಬ್ದಾರಿ ನಿಮ್ಮದು.

ನನಗೆ ಬೇಕಾಗಿರುವುದು ಕಪ್ಪು ಮಾತ್ರ. ಹಳದಿ ಖಾಲಿ ಅಂತ ಯಾಕೆ ನಿಲ್ಲಿಸುತ್ತದೆ?

ಎಲ್ಲರಿಗೂ ಸಿಟ್ಟು ಬರಿಸುವ ಪ್ರಶ್ನೆ. ಹೆಡ್ ಒಂದೇ, ಕ್ಲೀನಿಂಗ್ ಮಾಡುವಾಗ ಎಲ್ಲಾ ಬಣ್ಣವನ್ನೂ ಒಟ್ಟಿಗೆ ಎಳೆಯುತ್ತದೆ, ಒಂದು ಒಣಗಿದರೆ ಹೆಡ್‌ಗೇ ಹಾನಿ, ಇದು ಕಂಪನಿಗಳ ವಾದ. ಅರ್ಧ ನಿಜ ಅನ್ನೋಣ. ದಾರಿ ಏನೆಂದರೆ, ಎಚ್‌ಪಿಯ ಎರಡು ಕಾರ್ಟ್ರಿಜ್ ಮಾದರಿಗಳಲ್ಲಿ ಖಾಲಿಯಾದ ಬಣ್ಣದ ಕಾರ್ಟ್ರಿಜ್ಜನ್ನು ತೆಗೆದೇಬಿಟ್ಟರೆ ಕಪ್ಪಿನಲ್ಲಿ ಮಾತ್ರ ಕೆಲಸ ಮುಂದುವರಿಸುತ್ತದೆ. ಬೇರೆಯವುಗಳಲ್ಲಿ ಪ್ರಿಂಟ್ ಕಿಟಕಿಯಲ್ಲಿ ‘ಗ್ರೇಸ್ಕೇಲ್’ ಮತ್ತು ‘ಪ್ಲೇನ್ ಪೇಪರ್’ ಆರಿಸಿ ನೋಡಿ. ಫೋಟೋ ಪೇಪರ್ ಅಂತ ಆರಿಸಿದ್ದರೆ ಕೆಲವು ಪ್ರಿಂಟರ್‌ಗಳು ಕಪ್ಪನ್ನೂ ಬಣ್ಣಗಳನ್ನು ಬೆರೆಸಿಯೇ ಮಾಡುತ್ತವೆ.

ಕಾರ್ಟ್ರಿಜ್ಜನ್ನು ಗುರುತಿಸುತ್ತಿಲ್ಲ ಅನ್ನುತ್ತದೆ.

ತೆಗೆದು, ತಾಮ್ರದ ಚುಕ್ಕೆಗಳನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ‘ಟಕ್’ ಅನ್ನುವ ತನಕ ಒತ್ತಿ ಕೂರಿಸಿ. ಕಾರ್ಟ್ರಿಜ್ ಕೂರುವ ಗೂಡಿನ ಚುಕ್ಕೆಗಳನ್ನೂ ಒರೆಸಿ. ಬೇರೆ ಕಂಪನಿಯ ಕಾರ್ಟ್ರಿಜ್ ನಿನ್ನೆ ತನಕ ಓಡಿ ಇವತ್ತು ನಿಂತಿದ್ದರೆ, ರಾತ್ರಿ ಫರ್ಮ್‌ವೇರ್, ಅಂದರೆ ಪ್ರಿಂಟರಿನ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಆಗಿರಬಹುದು. ಅಪ್‌ಡೇಟ್ ಮೂಲಕ ಬೇರೆಯವರ ಚಿಪ್‌ಗಳನ್ನು ತಡೆಯುವ ವ್ಯವಸ್ಥೆ ಕೆಲವು ಕಂಪನಿಗಳಲ್ಲಿ ಇದೆ, ಅದನ್ನು ಅವರು ಬಚ್ಚಿಡುವುದೂ ಇಲ್ಲ. ಅಂಥ ಕಾರ್ಟ್ರಿಜ್ ಬಳಸುವವರು ತಾನಾಗಿ ಅಪ್‌ಡೇಟ್ ಆಗುವುದನ್ನು ಮೊದಲೇ ಆಫ್ ಮಾಡಿಟ್ಟರೆ ಜಾಣತನ.

ಟ್ಯಾಂಕ್ ಪ್ರಿಂಟರ್. ಟ್ಯಾಂಕ್ ತುಂಬಾ ಇಂಕ್ ಇದೆ, ಒಂದು ಬಣ್ಣ ಮಾತ್ರ ಬರುತ್ತಿಲ್ಲ.

ಮುಚ್ಚಳ ತೆಗೆದು ಟ್ಯಾಂಕಿನಿಂದ ಹೆಡ್‌ಗೆ ಹೋಗುವ ಸಣ್ಣ ಪೈಪ್‌ಗಳನ್ನು ಟಾರ್ಚ್ ಬಿಟ್ಟು ನೋಡಿ. ನಡುನಡುವೆ ಇಂಕಿಲ್ಲದ ಖಾಲಿ ಜಾಗ ಕಂಡರೆ ಗಾಳಿ ಹೊಕ್ಕಿದೆ. ಟ್ಯಾಂಕ್ ಕೆಳಗಿನ ಗೆರೆಗಿಂತ ಇಳಿದ ಮೇಲೂ ಓಡಿಸಿದ್ದೀರಾ, ಅಥವಾ ಸಾಗಿಸುವಾಗ ಮಲಗಿಸಿದ್ದೀರಾ, ನೆನಪು ಮಾಡಿಕೊಳ್ಳಿ. ಇದಕ್ಕೆ ಮೇಲೆ ಹೇಳಿದ ಪವರ್ ಕ್ಲೀನಿಂಗೇ ಮದ್ದು. ಎಪ್ಸನ್‌ನ ಹಳೇ ಟ್ಯಾಂಕ್ ಮಾದರಿ ಕೆಲವಲ್ಲಿ ಟ್ಯಾಂಕ್ ಪಕ್ಕ ಸಾಗಣೆಗೆ ಅಂತ ತಿರುಗಿಸುವ ಒಂದು ಲಾಕ್ ಇರುತ್ತದೆ, ಮನೆ ಬದಲಾಯಿಸಿದಾಗ ಅದನ್ನು ಮುಚ್ಚಿ ಮತ್ತೆ ತೆರೆಯಲು ಮರೆತವರು ಬಹಳ ಜನ.

ಪೇಪರನ್ನೇ ಎಳೆಯುತ್ತಿಲ್ಲ.

ಎಳೆಯುವುದು ಒಂದು ರಬ್ಬರ್ ರೋಲರ್. ಅದರ ಮೇಲೆ ಪೇಪರ್ ಪುಡಿ ಕೂತು ನುಣುಪಾದರೆ ಹಿಡಿತ ಹೋಗುತ್ತದೆ. ಪ್ಲಗ್ ತೆಗೆದು, ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ರೋಲರನ್ನು ತಿರುಗಿಸಿ ತಿರುಗಿಸಿ ಒರೆಸಿ, ಒಣಗಲು ಬಿಡಿ. ಪೇಪರ್ ಕಂತೆಯನ್ನು ಇಸ್ಪೀಟು ಕಲೆಸುವ ಹಾಗೆ ಬಿಡಿಸಿ, ಅಂಚು ತಟ್ಟಿ ಸಮ ಮಾಡಿ ಇಡಿ. ಕಂತೆ ಜಾಸ್ತಿ ದಪ್ಪ ಬೇಡ. ಪಕ್ಕದ ಗೈಡ್ ಹಾಳೆಗೆ ತಾಗಿದ್ದರೆ ಸಾಕು, ಒತ್ತಬಾರದು. ತೇವ ಹಿಡಿದು ಅಲೆ ಅಲೆಯಾದ ಪೇಪರ್ ಆದರೆ ಬೇರೆ ಹಾಕಿ ನೋಡಿ.

ಒಳಗೆ ಪೇಪರ್ ಇಲ್ಲವೇ ಇಲ್ಲ, ಆದರೂ ‘ಪೇಪರ್ ಜಾಮ್’ ಅಂತ ಹಠ.

ಎಲ್ಲೋ ಒಂದು ಚೂರು ಇರುತ್ತದೆ. ಹಿಂದಿನ ಬಾಗಿಲು, ಎರಡು ಬದಿ ಮುದ್ರಿಸುವ ಮಾದರಿಯಾದರೆ ಅದರ ಹಿಂದಿನ ಪೆಟ್ಟಿಗೆ, ತಳದ ಟ್ರೇ ತೆಗೆದ ಜಾಗ, ಹೆಡ್ ನಿಲ್ಲುವ ಮೂಲೆ, ಎಲ್ಲಾ ಕಡೆ ಟಾರ್ಚ್ ಬಿಡಿ. ನಮ್ಮ ಮನೆಯ ಪ್ರಿಂಟರ್ ಎರಡು ದಿನ ಹೀಗೆ ಹಠ ಹಿಡಿದಿತ್ತು. ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿದೆ, ಒಂದು ಚೂರು ಪೇಪರ್ ಸಿಗಲಿಲ್ಲ. ಕೊನೆಗೆ ಹಿಂದಿನ ಟ್ರೇಯ ಸೀಳಿನೊಳಗೆ ಕೆನ್ನೆ ಒತ್ತಿ ನೋಡಿದರೆ ಏನೋ ಹೊಳೆಯಿತು. ಮಗಳ ಕೂದಲಿನ ಕ್ಲಿಪ್ಪು. ಟ್ರೇ ಯಾವಾಗಲೂ ತೆರೆದೇ ಇರುತ್ತಿತ್ತು, ಮೇಲಿನ ಶೆಲ್ಫಿನಿಂದ ಜಾರಿ ಬಿದ್ದಿದೆ. ಅವತ್ತಿನಿಂದ ಟ್ರೇ ಮುಚ್ಚಿಡುತ್ತೇವೆ.

ಸಿಕ್ಕಿದ ಹಾಳೆಯನ್ನು ಅದು ಹೋಗುವ ದಿಕ್ಕಿನಲ್ಲೇ, ಎರಡೂ ಕೈಯಲ್ಲಿ ನಿಧಾನವಾಗಿ ಎಳೆಯಿರಿ. ಸಿಟ್ಟಿನಲ್ಲಿ ಎಳೆದರೆ ಹರಿದು ಚೂರು ಒಳಗುಳಿಯುತ್ತದೆ.

ಆನ್ ಮಾಡಿದರೆ ಹೆಡ್ ಗೋಡೆಗೆ ಡಬ್ ಡಬ್ ಅಂತ ಬಡಿದುಕೊಂಡು ಎರರ್ ಬರುತ್ತದೆ.

ಹೆಡ್ ಓಡಾಡುವ ಜಾಗದಲ್ಲಿ ಉದ್ದಕ್ಕೂ ಒಂದು ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಇದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ, ಅದನ್ನು ಓದಿಕೊಂಡೇ ಹೆಡ್‌ಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗುವುದು. ಪಟ್ಟಿ ಮೇಲೆ ಇಂಕೋ ಗ್ರೀಸೋ ಮೆತ್ತಿದರೆ ಕಣ್ಣು ಕಟ್ಟಿದ ಹಾಗೆ, ಹೋಗಿ ಗೋಡೆಗೆ ಹೊಡೆಯುತ್ತದೆ. ಪ್ಲಗ್ ತೆಗೆದು, ನೂಲು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಸ್ವಲ್ಪ ಒದ್ದೆ ಮಾಡಿ ಎರಡು ಬೆರಳಿನ ನಡುವೆ ಪಟ್ಟಿಯನ್ನು ಹಿಡಿದು ಮೆಲ್ಲಗೆ ಒರೆಸಿ. ಎಳೆಯಬೇಡಿ, ಕೊಕ್ಕೆಯಿಂದ ಕಳಚಿದರೆ ಮತ್ತೆ ಹಾಕುವುದು ದೊಡ್ಡ ತಲೆನೋವು.

‘ಇಂಕ್ ಅಬ್ಸಾರ್ಬರ್ ತುಂಬಿದೆ’ ಅಂದರೆ? ಕ್ಯಾನನ್‌ನಲ್ಲಿ 5ಬಿ00 ಅಂತ ಬರುತ್ತದೆ.

ಮೇಲೆ ಹೇಳಿದ ಚರಂಡಿ ತುಂಬಿದೆ. ಇದೂ ಎಣಿಕೆಯೇ, ಪ್ಯಾಡ್ ತುಂಬಿರಬೇಕು ಅಂತ ಲೆಕ್ಕ ಹಾಕಿ ಪ್ರಿಂಟರ್ ತಾನೇ ನಿಂತುಬಿಡುತ್ತದೆ. ಕೆಲವು ಹೊಸ ಮಾದರಿಗಳಲ್ಲಿ ಮೆಂಟೆನೆನ್ಸ್ ಬಾಕ್ಸ್ ಅಂತ ಇರುತ್ತದೆ, ನೀವೇ ತೆಗೆದು ಹೊಸದು ಹಾಕಬಹುದು. ಇಲ್ಲದಿದ್ದರೆ ರಿಪೇರಿಯವರು ಪ್ಯಾಡ್ ಬದಲಿಸಿ ಎಣಿಕೆಯನ್ನು ಸೊನ್ನೆ ಮಾಡುತ್ತಾರೆ. ಸಾಫ್ಟ್‌ವೇರಿನಿಂದ ಸೊನ್ನೆ ಮಾತ್ರ ಮಾಡಿ ಪ್ಯಾಡ್ ಹಾಗೇ ಬಿಟ್ಟರೆ ಒಂದು ದಿನ ಮೇಜಿನ ಮೇಲೆ ಇಂಕಿನ ಕೆರೆ.

ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡುತ್ತೇನೆ. ತಪ್ಪಾ?

ಪ್ರಿಂಟರಿನ ಬಟನ್‌ನಿಂದ ಮೊದಲು ಆಫ್ ಮಾಡಿ, ಸದ್ದು ಪೂರ್ತಿ ನಿಂತ ಮೇಲೆ ಗೋಡೆಯದ್ದು ಮಾಡಿದರೆ ತಪ್ಪಿಲ್ಲ. ಬಟನ್ ಒತ್ತಿದಾಗ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಗಾಳಿ ಆಡುವುದಿಲ್ಲ. ನೇರ ಗೋಡೆಯ ಸ್ವಿಚ್ ತೆಗೆದರೆ ಹೆಡ್ ಎಲ್ಲಿತ್ತೋ ಅಲ್ಲೇ, ಪೆನ್ನಿನ ಕ್ಯಾಪ್ ಹಾಕದೆ ಬಿಟ್ಟ ಹಾಗೆ.

ಎಷ್ಟು ದಿನಕ್ಕೊಮ್ಮೆ ಪ್ರಿಂಟ್ ತೆಗೆಯಬೇಕು?

ವಾರಕ್ಕೊಂದು ಹಾಳೆ, ಎಲ್ಲಾ ಬಣ್ಣ ಇರುವಂಥದ್ದು. ತಿಂಗಳಿಗೆ ಒಂದೆರಡು ಕಪ್ಪು ಹಾಳೆ ಮಾತ್ರ ಬೇಕಾಗುವ ಮನೆಯಾದರೆ, ಮುಂದಿನ ಸಲ ಕೊಳ್ಳುವಾಗ ಲೇಸರ್ ನೋಡಿ. ಅದರ ಟೋನರ್ ಪುಡಿ, ಒಣಗುವ ಪ್ರಶ್ನೆಯೇ ಇಲ್ಲ.

ಕೈಗೆ ಮೆತ್ತಿದ ಇಂಕ್ ಹೋಗುತ್ತಿಲ್ಲ!

ಸೋಪು ಹಚ್ಚಿ ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಬಣ್ಣದ್ದು ಬಹಳಷ್ಟು ಹೋಗುತ್ತದೆ. ಉಗುರಿನ ಸಂದಿಯ ಕಪ್ಪು ಎರಡು ಮೂರು ದಿನ ಇರುತ್ತದೆ. ಮುಂದಿನ ಸಲ ಗ್ಲೌಸ್ ಹಾಕಿಕೊಳ್ಳಿ, ನಾನೂ ಪ್ರತಿ ಸಲ ಹಾಗೇ ಅಂದುಕೊಳ್ಳುತ್ತೇನೆ.